ಕದನದಲ್ಲಿ ಸಿಕ್ಕ ದನ

ಜೋಡಿ ಒಗಟು ಬಿಡಿಸೋದು ನನಗೆ ಶುರುವಿನಲ್ಲಿ ಸುಲಭ ಅನ್ನಿಸಿತ್ತು. ಎರಡು ಸುಳಿವು, ಎರಡು ಉತ್ತರ. ಪ್ರತಿ ಸುಳಿವಿನ ಪದಗಳೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಎರಡೂ ಉತ್ತರಗಳ ಹೊಟ್ಟೆಯಲ್ಲಿ ಒಂದೇ ಪುಟ್ಟ ಪದ ಅಡಗಿರಬೇಕು. ಅಷ್ಟೇ ಅಲ್ವಾ?

ಮೊದಲು ಸಿಕ್ಕ ಜೋಡಿ ಇದು: ‘ಕತ್ತಿ ಕಹಳೆಗಳ ಕಾದಾಟ’ ಮತ್ತು ‘ಹೂವಿಗೆ ಹಂಬಲಿಸಿ ಹಾರುವ ಹುಳ’.

ಮೊದಲನೆಯದಕ್ಕೆ ಥಟ್ಟನೆ ‘ಕದನ’ ಎಂದು ಬರೆದೆ. ಒಳಗೆ ‘ದನ’ ಕೂಡ ಸಿಕ್ಕಿತು! ಖುಷಿಯಾಗಿ ದನ ಇರುವ ಹುಳಕ್ಕಾಗಿ ಅರ್ಧ ಗಂಟೆ ಹುಡುಕಿದೆ. ದುಂಬಿಯಲ್ಲಿ ಇಲ್ಲ, ಚಿಟ್ಟೆಯಲ್ಲೂ ಇಲ್ಲ. ಕೊನೆಗೆ ಕದನವನ್ನು ಹೊಡೆದುಹಾಕಿ, ಎರಡು ಸುಳಿವಿಗೂ ಗೊತ್ತಿದ್ದ ಸಮಾನಾರ್ಥಕ ಪದಗಳನ್ನೆಲ್ಲ ಎರಡು ಸಾಲಾಗಿ ಬರೆದೆ. ಯುದ್ಧ, ಕಾಳಗ, ರಣ, ಸಮರ. ದುಂಬಿ, ಅಳಿ, ಭ್ರಮರ. ಕಣ್ಣಾಡಿಸಿದರೆ ಸಮರ, ಭ್ರಮರ. ಎರಡರಲ್ಲೂ ‘ಮರ’. ಅವತ್ತಿನಿಂದ ಒಂದು ಉತ್ತರ ಸರಿಯಾಗಿ ಕಂಡರೂ ಜೊತೆಗಾರ ಸಿಗುವವರೆಗೆ ಪೆನ್ನಿನಲ್ಲಿ ಬರೆಯೋದಿಲ್ಲ.

ನನ್ನನ್ನು ಜಾಸ್ತಿ ಕಾಡಿಸಿದ್ದು ಇನ್ನೊಂದು ಜೋಡಿ: ‘ಅಳಲನ್ನು ಅಧಿಕಾರಿಗೆ ಅರುಹು’, ‘ನೆತ್ತಿಗೆ ನಿತ್ಯ ನೆರಳು’. ‘ಅರುಹು’ ಅಂತ ಇವತ್ತು ಯಾರು ಮಾತಾಡುತ್ತಾರೆ? ‘ಹೇಳು’ ಎಂದರೆ ಪ್ರಾಸ ಕೆಡುತ್ತದೆ, ಅದಕ್ಕೇ ಬಂದ ಪದ. ಇಂಥ ವಿಚಿತ್ರ ಪದ ಕಂಡರೆ ನಾನು ಅದನ್ನು ತೆಗೆದು ಮಾಮೂಲಿ ಪದ ಹಾಕಿ ಓದುತ್ತೇನೆ. ಅಳಲು ಹೇಳೋದು ಅಂದರೆ ‘ದೂರು’. ಇದು ಸಿಕ್ಕಿತು.

ನೆತ್ತಿಗೆ ನೆರಳು ಕೊಡೋದು ಕೊಡೆ ಎಂದುಕೊಂಡೆ. ‘ನಿತ್ಯ’ವೂ ಪ್ರಾಸಕ್ಕೆ ಸುಮ್ನೆ ಸೇರಿಸಿದ್ದು ಅಂತ ಬಿಟ್ಟಿದ್ದೆ. ಅಲ್ಲೇ ಎಡವಿದ್ದು. ಕೊಡೆಯನ್ನು ಬಿಚ್ಚಿದಾಗ ಮಾತ್ರ ನೆರಳು. ನಿತ್ಯ ನೆರಳು ಕೊಡೋದು ‘ಸೂರು’.

ಉತ್ತರ ಎರಡೂ ಬಂದವು, ಅಡಗಿದ ಪದ ಮಾತ್ರ ಕಾಣಲಿಲ್ಲ. ದೂರು, ಸೂರು. ‘ರು’ ಒಂದು ಪದವೇ? ಬೇಸತ್ತು ಎರಡನ್ನೂ ಎಳೆದು ಎಳೆದು ಹೇಳಿದೆ. ದ್... ಊರು. ಸ್... ಊರು. ‘ಊರು’! ಕನ್ನಡದಲ್ಲಿ ಸ್ವರ ವ್ಯಂಜನಕ್ಕೆ ಸೇರಿದ ಕೂಡಲೇ ಕೊಂಬು, ದೀರ್ಘ ಆಗಿ ರೂಪ ಬದಲಿಸುತ್ತದೆ. ಕಣ್ಣಿಗೆ ‘ಊ’ ಎಲ್ಲಿಯೂ ಇಲ್ಲ, ಕಿವಿಗೆ ಇದೆ. ನೂರು, ಮೂರು, ಚೂರುಗಳಲ್ಲೂ ಅದೇ ಊರು ಕೂತಿದೆ. ಒತ್ತಕ್ಷರದ ಆಟವೂ ಇದೇ ಥರ. ಕತ್ತಲೆ, ಬೆತ್ತಲೆಗಳನ್ನು ಬಿಡಿಸಿ ಹೇಳಿ ನೋಡಿ: ಕತ್-ತಲೆ, ಬೆತ್-ತಲೆ. ಬರೆದಾಗ ‘ತ್ತ’ದ ಕೆಳಗೆ ಮುಚ್ಚಿಹೋಗಿದ್ದ ತಲೆ ಹೊರಗೆ ಬರುತ್ತದೆ. ಕೆಲವರು ಇದನ್ನು ಮೋಸ ಅನ್ನುತ್ತಾರೆ. ನನಗಂತೂ ಈ ಥರದ್ದೇ ಇಷ್ಟ. ಪದದ ಶುರುವಿನಲ್ಲೇ ಅಡಗಿಸೋದು, ಹಸುರು, ಹಸುಳೆಗಳಲ್ಲಿ ‘ಹಸು’ ಇದ್ದ ಹಾಗೆ, ಸಪ್ಪೆ.

ಈಗ ನಾನೂ ಒಗಟು ಕಟ್ಟುತ್ತೇನೆ. ಉತ್ತರ ಮೊದಲು, ಸುಳಿವು ಆಮೇಲೆ. ಅವತ್ತು ಕದನದಲ್ಲಿ ಸಿಕ್ಕಿದ್ದ ದನವನ್ನು ಬಿಡಲು ಮನಸ್ಸಾಗದೆ ಮೊನ್ನೆ ಒಂದು ಜೋಡಿ ಮಾಡಿದೆ: ‘ಮಂದಿ ಮಾತಾಡುವ ಮಂದಿರ’, ‘ಕನ್ನಡಿಯಲ್ಲಿ ಕಾಣುವ ಕಳೆ’. ತಂಗಿಗೆ ಕೊಟ್ಟಿದ್ದೇನೆ. ಸಭೆ, ಮುಖ ಎಂದು ಪೆನ್ನಿನಲ್ಲೇ ಬರೆದು, ಎರಡರಲ್ಲೂ ಏನಿದೆ ಅಂತ ಇನ್ನೂ ಹುಡುಕುತ್ತಿದ್ದಾಳೆ.