ಕಪ್ಪಾದ ಹಿತ್ತಾಳೆಯ ಡ್ರಮ್ಮಿಗೆ ಬಚ್ಚಲಿನ ಆಸಿಡ್ ಬೇಡ

ಹೋದ ಶ್ರಾವಣದಲ್ಲಿ ಬೆಟಗೇರಿಯ ತಂಗಿಯ ಮನೆಗೆ ಹೋಗಿದ್ದಾಗ ಬಚ್ಚಲಿನ ಕಡೆಯಿಂದ ಕೆಮ್ಮು ಬರಿಸುವಂಥ ಘಾಟು ಬಂತು. ಇಣುಕಿ ನೋಡಿದರೆ ಅವಳ ಮೊಮ್ಮಗ ಅಟ್ಟದ ಮೇಲಿದ್ದ ಹಳೆಯ ಸೈಡ್ ಡ್ರಮ್ಮನ್ನು ಇಳಿಸಿಕೊಂಡು, ಫರಸಿ ತೊಳೆಯುವ ಆಸಿಡ್ ಸುರಿದು, ಪಾತ್ರೆ ತಿಕ್ಕುವ ಸ್ಟೀಲಿನ ನಾರಿನಿಂದ ಉಜ್ಜುತ್ತ ಕುಳಿತಿದ್ದ. "ಅಮ್ಮಾ, ಬಂಗಾರದ ಬಣ್ಣ ಬರವಲ್ದು, ತಾಮ್ರದ ಬಣ್ಣ ಬರಾಕ್ಹತ್ತೇತಿ" ಎಂದು ನನ್ನನ್ನೇ ಕೇಳಿದ. ಬಾರದೆ ಏನು ಮಾಡೀತು? ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ. ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ತಾಮ್ರ, ಒಂದು ಪಾಲು ಸತು. ಕಟುವಾದ ಆಸಿಡ್ ಸತುವನ್ನು ತಿಂದುಹಾಕಿದರೆ ಮೇಲೆ ಉಳಿಯುವುದು ಬರೀ ತಾಮ್ರ, ಅದೂ ಬಿಳಿಚಿದ ಗುಲಾಬಿ ಬಣ್ಣದ್ದು. ಆ ಹೊಗೆಗೆ ಬಚ್ಚಲಿನ ಬಾಗಿಲ ಚಿಲಕವೂ ಗೂಟದ ಮೊಳೆಗಳೂ ಜಂಗು ಹಿಡಿದದ್ದು ಬೇರೆ. ಕೇಳಿ ಮಾಡಬೇಕೆಂಬ ಬುದ್ಧಿ ಈಗಿನ ಮಕ್ಕಳಿಗೆ ಏಕೆ ಬರುವುದಿಲ್ಲವೋ ನನಗೆ ತಿಳಿಯದು.

ಈಗಿನವರು ಸ್ನೇರ್ ಡ್ರಮ್ ಎನ್ನುವುದನ್ನೇ ನಮ್ಮ ಮದುವೆ ಬ್ಯಾಂಡಿನವರು ಸೈಡ್ ಡ್ರಮ್ ಎನ್ನುತ್ತಾರೆ. ಬ್ರಿಟಿಷ್ ಪಲ್ಟಣಗಳ ಬ್ಯಾಂಡಿನಿಂದ ಮದುವೆಯ ಮೆರವಣಿಗೆಗೆ ಬಂದ ವಾದ್ಯವದು. ಹುಬ್ಬಳ್ಳಿಯಲ್ಲಿ ನಮ್ಮ ಮಾವನವರು ಬ್ಯಾಂಡಿನಲ್ಲಿ ಅದನ್ನು ಬಾರಿಸುತ್ತಿದ್ದರು. ನಮ್ಮ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಬಿಚ್ಚುವುದು, ಜೋಡಿಸುವುದು ಯಜಮಾನರ ಪಾಲು, ಬೆಳಗುವುದು ನನ್ನ ಪಾಲು. ಮದುವೆಯ ಸುಗ್ಗಿಯಲ್ಲಿ ರಾತ್ರಿ ಎಷ್ಟೇ ಹೊತ್ತಾದರೂ ಮಾವನವರು ಬೆವರು ತಾಗಿದ ಡ್ರಮ್ಮನ್ನು ಒಣ ಅರಿವೆಯಿಂದ ಒರೆಸದೆ ಊಟಕ್ಕೆ ಕೂರುತ್ತಿರಲಿಲ್ಲ. ಬೆವರಿನ ಉಪ್ಪೇ ಹಿತ್ತಾಳೆಗೆ ಮೊದಲ ವೈರಿ.

ಕೈ ಹಚ್ಚುವ ಮುನ್ನ ಲೋಹ ಯಾವುದೆಂದು ನೋಡಬೇಕು. ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಉಕ್ಕು. ಹುಣಸೆಹುಳಿ ಅದಕ್ಕೆ ಸಲ್ಲದು. ಅಯಸ್ಕಾಂತ ಹಿಡಿಯದೆ, ಕೈಗೂ ತೀರ ಹಗುರವೆನಿಸಿದರೆ ಅದು ಅಲ್ಯುಮಿನಿಯಂ ಇರಬಹುದು. ಅದಕ್ಕೆ ಹುಳಿಯೂ ಬೇಡ, ಸೋಡಾ ಅಂತೂ ಬೇಡವೇ ಬೇಡ, ಸಾಬೂನಿನ ನೀರು ಸಾಕು. ಹಿತ್ತಾಳೆಯ ಮೇಲೆ ನಿಕಲ್ ಲೇಪವಿದ್ದರೆ ಅದು ಮಬ್ಬಾಗಿ ತುಸು ಹಳದಿಗೆ ತಿರುಗಿರುತ್ತದೆ. ಲೇಪ ಬಲು ತೆಳುವಾದ್ದರಿಂದ ಜೋರಾಗಿ ತಿಕ್ಕಿದರೆ ಒಳಗಿನ ಹಿತ್ತಾಳೆ ಹೊರಬರುತ್ತದೆ. ಕ್ರೋಮ್ ಲೇಪವಿದ್ದು ಚುಕ್ಕೆ ಚುಕ್ಕೆಯಾಗಿ ಜಂಗು ಎದ್ದಿದ್ದರೆ ಊಟದ ಡಬ್ಬಿಗೆ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಮೆಲ್ಲಗೆ ಉಜ್ಜಬೇಕು. ಆ ಹಾಳೆ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಕಪ್ಪಾಗಿದ್ದುದೆಲ್ಲ ಕಿಲುಬೂ ಅಲ್ಲ. ಅಮೆರಿಕದ ಚಿಕಾಗೊದ ಲುಡ್ವಿಗ್ ಕಂಪನಿಯವರು 1920ರ ದಶಕದಲ್ಲಿ ಹಿತ್ತಾಳೆಯ ಮೇಲೆ ಬೇಕೆಂದೇ ಕಪ್ಪು ನಿಕಲ್ ಹಚ್ಚಿ, ಅದರ ಮೇಲೆ ಬಳ್ಳಿ ಹೂಗಳನ್ನು ಕೆತ್ತಿದ ಡ್ರಮ್ಮುಗಳನ್ನು ಮಾಡಿದ್ದಾರೆ. ಅಂಥದ್ದು ಸಿಕ್ಕವನು ಬೆಳಗಲು ಕುಳಿತರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಬಿಚ್ಚುವ ಕೆಲಸವನ್ನು ನಾನು ಹೇಳಿಕೊಡಬೇಕಾಗಿಲ್ಲ. ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿರಿ, ಹಳೆಯ ಧೋತರ ಹಾಸಿ ಯಾವ ಜಾಗದ್ದು ಆ ಜಾಗದಲ್ಲೇ ಬರುವಂತೆ ದುಂಡಗೆ ಇಡಿರಿ, ಕೆಳಗಿನ ತೊಗಲಿಗೆ ತಾಗಿ ಸದ್ದು ಮಾಡುವ ಸ್ನೇರ್ ತಂತಿಗಳನ್ನು ಮಡಚದೆ ಚಪ್ಪಟೆಯಾಗಿ ಬೇರೆ ಎತ್ತಿಡಿರಿ. ಜಂಗು ಹಿಡಿದ ಬೋಲ್ಟುಗಳು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಯಲಿ. ಮರುದಿನ ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಮಣಿಯುತ್ತವೆ. ಆಮೇಲೆ ಹಚ್ಚಬೇಕಾದದ್ದು ಹೊಲಿಗೆ ಯಂತ್ರದ ಎಣ್ಣೆ, ಅಡುಗೆಮನೆಯ ಕುಸುಬಿ ಎಣ್ಣೆಯಲ್ಲ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಜಿಗಟಾಗಿ ಕೂರುತ್ತದೆ, ವರ್ಷ ಕಳೆಯುವಷ್ಟರಲ್ಲಿ ಬೋಲ್ಟು ತಿರುಗುವುದೇ ಇಲ್ಲ. ಇದೇ ಗುಣ ರೊಟ್ಟಿಯ ಹಂಚಿಗೆ ವರ: ತೊಳೆದ ಹಂಚನ್ನು ಒಲೆಯ ಮೇಲಿಟ್ಟು ನೀರೆಲ್ಲ ಆರಿಸಿ, ಬಿಸಿಯಿರುವಾಗಲೇ ಕುಸುಬಿ ಎಣ್ಣೆಯ ಅರಿವೆಯನ್ನು ಒಂದು ಸಲ ಆಡಿಸಿದರೆ ಜಂಗು ಹತ್ತಿರ ಸುಳಿಯುವುದಿಲ್ಲ. ನನ್ನ ಸೊಸೆಯಂದಿರು ಹಂಚನ್ನು ಹಸಿಯಾಗಿಯೇ ಗೋಡೆಗೆ ಒರಗಿಸುತ್ತಾರೆ. ಇರಲಿ, ಆ ಮಾತು ಇಲ್ಲಿ ಬೇಡ.

ಲೇಪವಿಲ್ಲದ ಶುದ್ಧ ಹಿತ್ತಾಳೆಯ ಮೈಗೆ ಮಾತ್ರ ನನ್ನ ಹುಣಸೆಹುಳಿಯ ಪಾಕ. ಬಹಳ ಜನ ಹುಣಸೆಯನ್ನು ಹಿಂಡಿ ಹಾಗೆಯೇ ಬಳಿಯುತ್ತಾರೆ. ತಂಬಿಗೆಗೆ ಅದು ನಡೆದೀತು, ಡ್ರಮ್ಮಿಗೆ ನಡೆಯದು. ನೆಟ್ಟಗೆ ನಿಂತ ಮೈಯಿಂದ ನೀರಾದ ಹುಳಿ ಜಾರಿ, ಮೇಲೆ ಕಪ್ಪು ಉಳಿದು, ಕೆಳಗೆ ಗೆರೆಗೆರೆಯಾಗಿ ಬೆಳ್ಳಗಾಗುತ್ತದೆ. ಆದ್ದರಿಂದ ಜೋಳದ ಹಿಟ್ಟು ಬೇಕು. ಕಪ್ಪಾದ ಹಳೆಯ ಹುಣಸೆಹಣ್ಣನ್ನು ಒಂದು ಮುಷ್ಟಿಯಷ್ಟು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ತೆಳು ಅರಿವೆಯಲ್ಲಿ ಎರಡು ಸಲ ಸೋಸಿಕೊಳ್ಳಬೇಕು. ಎರಡು ಸಲ ಎಂದರೆ ಎರಡು ಸಲವೇ, ಏಕೆಂದರೆ ಬೀಜದ ಸಿಪ್ಪೆಯ ಒಂದು ಚೂರು ಉಳಿದರೂ ಅದು ಗೀರೆಳೆಯುತ್ತದೆ. ಉಪ್ಪನ್ನು ಆ ರಸದಲ್ಲಿ ಹರಳು ಕೈಗೆ ತಾಗದಂತೆ ಪೂರ್ತಿ ಕರಗಿಸಬೇಕು. ಬಳಿಕ ಜರಡಿ ಹಿಡಿದ ಜೋಳದ ಹಿಟ್ಟನ್ನು ಉದುರಿಸುತ್ತ, ಅಂಬಲಿಗಿಂತ ದಪ್ಪ, ಝುಣಕಕ್ಕಿಂತ ತೆಳುವಾಗುವವರೆಗೆ ಕಲಸಬೇಕು. ಹುಳಿ ಕಿಲುಬನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ಬಿರುಸು ಕೊಡುತ್ತದೆ, ಹಿಟ್ಟು ಎರಡನ್ನೂ ಜಾರದಂತೆ ಹಿಡಿದಿಡುತ್ತದೆ.

ಇದನ್ನು ಡ್ರಮ್ಮಿಗೆಲ್ಲ ಒಮ್ಮೆಗೇ ಬಳಿಯಬಾರದು. ಎರಡು ಅಂಗೈಯಷ್ಟು ಜಾಗಕ್ಕೆ ಹಚ್ಚಿ, ಮೇಲೆ ಒದ್ದೆ ಅರಿವೆಯನ್ನು ಹೊದಿಸಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾದು, ಅಂಚನ್ನು ಬೆರಳಿನಿಂದ ಸರಿಸಿ ನೋಡಬೇಕು. ಕಪ್ಪು ಸಡಿಲಾಗಿ ಪಾಕ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕು. ಇನ್ನಷ್ಟು ಹೊಳೆಯಲೆಂದು ಬಿಟ್ಟರೆ ಹುಣಸೆಯೂ ಆಸಿಡ್ಡಿನ ಬುದ್ಧಿಯನ್ನೇ ತೋರಿಸಿ ಗುಲಾಬಿ ಕಲೆ ಬಿಡುತ್ತದೆ, ಪಾಕ ಒಣಗಿದರಂತೂ ನಕಾಶೆ ಬರೆದಂತೆ ಗುರುತು ಉಳಿಯುತ್ತದೆ. ಒಮ್ಮೆ ಬಾಗಿಲಿಗೆ ಬಂದವರೊಡನೆ ಮಾತಿಗೆ ನಿಂತು ನಾನೇ ಹಾಗೆ ಕೆಡಿಸಿದ್ದೇನೆ. ಮಾವನವರು ಬೈಯಲಿಲ್ಲ, ಆ ಡ್ರಮ್ಮನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕುಳಿತರು, ಅದೇ ಹೆಚ್ಚು ನೋಯಿಸಿತು. ತಿಕ್ಕುವಾಗ ಕೈ ಡ್ರಮ್ಮಿನ ಸುತ್ತ ಬಳೆ ತಿರುಗಿದಂತೆ ಹೋಗಬೇಕೇ ಹೊರತು ಮೇಲೆ ಕೆಳಗೆ ಆಡಬಾರದು. ಸಾಣೆಯ ಸಣ್ಣ ಗೆರೆಗಳು ಸುತ್ತಲೂ ಹರಿದಿರುತ್ತವೆ, ಅಡ್ಡ ತಿಕ್ಕಿದ ಗುರುತು ಬಿಸಿಲಿಗೆ ಹಿಡಿದಾಗ ಎದ್ದು ಕಾಣುತ್ತದೆ. ಸ್ಟೀಲಿನ ನಾರಿನ ಹೆಸರು ನನ್ನೆದುರು ಎತ್ತಬೇಡಿರಿ.

ತೊಳೆದ ಕೂಡಲೇ ತುಸು ಅಡಿಗೆ ಸೋಡಾ ಕದಡಿದ ನೀರನ್ನು ಆಡಿಸಿ ಹುಳಿಯನ್ನು ಮುರಿಯಬೇಕು. ಹಿಂದೆ ಇದಕ್ಕೆ ಬೂದಿಯ ತಿಳಿನೀರು ಸಾಕಾಗುತ್ತಿತ್ತು. ಆಮೇಲೆ ಸ್ವಚ್ಛ ನೀರು, ಅದರ ಬೆನ್ನಿಗೇ ಧೋತರದ ಅರಿವೆ. ಒಂದು ಹನಿಯೂ ತಾನಾಗಿ ಒಣಗಬಾರದು, ಬೋಲ್ಟು ಕೂರುವ ಲಗ್ಗುಗಳ ತೂತಿನಲ್ಲಿ ನಿಂತ ನೀರನ್ನು ಅರಿವೆಯ ತುದಿ ಹೊಸೆದು ಹೀರಿ ತೆಗೆಯಬೇಕು. ತೀರ ಕಪ್ಪಾದದ್ದಕ್ಕೆ ಇಷ್ಟನ್ನೂ ಮೂರು ಸಲ ಮಾಡಬೇಕಾಗುತ್ತದೆ. ಬಿಸಿಲಿನಲ್ಲಿ ಮೈ ಬೆಚ್ಚಗಾದ ಮೇಲೆ ಕಡಲೆಕಾಳಿನಷ್ಟು ಮೇಣವನ್ನು ತೆಳ್ಳಗೆ ಸವರಿ ಒರೆಸಿಬಿಟ್ಟರೆ ಹೊಳಪು ಬಹುಕಾಲ ನಿಲ್ಲುತ್ತದೆ.

ಜೋಡಿಸುವಾಗಲೂ ಬೋಲ್ಟುಗಳನ್ನು ಎದುರು ಬದುರಾಗಿಯೇ ಬಿಗಿಯಬೇಕು. ತೊಗಲು ಕೂರುವ ಅಂಚನ್ನು ಮರಳುಕಾಗದದಿಂದ ಮುಟ್ಟಬಾರದು, ನಾದ ಹುಟ್ಟುವುದು ಅಲ್ಲಿ. ಇಡುವ ಜಾಗ ಯಾವುದಾದರೂ ಇರಲಿ, ದನದ ಕೊಟ್ಟಿಗೆಯ ಅಟ್ಟ ಮಾತ್ರ ಬೇಡ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯದ ಬಳಿ ಇಟ್ಟಿದ್ದ ಬಂದೂಕಿನ ಹಿತ್ತಾಳೆಯ ತೋಟಾಗಳು ಮಳೆಗಾಲ ಬಂತೆಂದರೆ ಬಿರುಕು ಬಿಡುತ್ತಿದ್ದುವಂತೆ; ಗಂಜಳದಿಂದ ಏಳುವ ಅಮೋನಿಯಾ ಅದಕ್ಕೆ ಕಾರಣವೆಂಬುದು 1921ರ ಹೊತ್ತಿಗೆ ಖಚಿತವಾಯಿತು. ಇದನ್ನು ಯಜಮಾನರು ಹೇಳಿದ ದಿನವೇ ನಾವು ನಮ್ಮ ಡ್ರಮ್ಮನ್ನು ಪಡಸಾಲೆಗೆ ತಂದೆವು.

ಬೆಟಗೇರಿಯ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಮಧ್ಯಾಹ್ನ ಅಂಗಡಿಯ ಹಿತ್ತಾಳೆ ಪಾಲಿಶ್ ಬ್ರಾಸೊ ಹಚ್ಚಿ ತಿಕ್ಕಿಸಿದೆ. ಗುಲಾಬಿ ಕಲೆ ಬಹುಮಟ್ಟಿಗೆ ಹೋಯಿತು. ಒಂದು ಲಗ್ಗಿನ ಕೆಳಗೆ ಎರಡು ಬೆರಳಗಲದಷ್ಟು ಇನ್ನೂ ಉಳಿದಿದೆ. ಬಾರಿಸಲು ಕೂರುವಾಗ ಅವನು ಆ ಬದಿಯನ್ನು ತನ್ನ ಹೊಟ್ಟೆಯ ಕಡೆಗೆ ತಿರುಗಿಸಿಕೊಳ್ಳುತ್ತಾನೆ.