ಗಾಳಿಯಲ್ಲಿ ಇಂಗಾಲ ಜಾಸ್ತಿ, ಹೊಲದಲ್ಲಿ ಸಾರಜನಕ ಕಮ್ಮಿ: ಬೆಳೆ ಸರದಿ ಹೇಗೆ ಮಾಡುವುದು?

ಮುಂಗಾರಿನಲ್ಲಿ ದಾವಣಗೆರೆ ಸುತ್ತ ಎತ್ತ ನೋಡಿದರೂ ಮೆಕ್ಕೆಜೋಳ. ಮುಂದಿನ ವರ್ಷವೂ ಅದೇ. ನನ್ನ ಹೊಲದಲ್ಲೂ ನಾಲ್ಕು ವರ್ಷ ಬಿಡದೆ ಅದನ್ನೇ ಬಿತ್ತಿದ್ದೆ, ಹಾಗಾಗಿ ಯಾರನ್ನೂ ಬೈಯುವ ಹಾಗಿಲ್ಲ.

1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಗಿಡಕ್ಕೆ ಅದೇ ಊಟ, ಒಳ್ಳೇದೇ ಅಲ್ವಾ? ಅರ್ಧ ನಿಜ. ಭತ್ತ, ಹತ್ತಿ, ಶೇಂಗಾದಂಥ ಬೆಳೆ ಅದನ್ನು ಹೀರಿಕೊಂಡು ದಪ್ಪಗೆ ಬೆಳೆಯುತ್ತವೆ. ಆದರೆ ಶೇಂಗಾದಂಥ ದ್ವಿದಳ ಬಿಟ್ಟರೆ ಉಳಿದವಕ್ಕೆ ಸಾರಜನಕ ಮಣ್ಣಿನಿಂದಲೇ ಬರಬೇಕು, ಅದು ಅಷ್ಟೇ ಜಾಸ್ತಿ ಆಗುವುದಿಲ್ಲ. ನೆಂಟರು ಬಂದರೆಂದು ಸಾರಿಗೆ ನೀರು ಬೆರೆಸಿದ ಹಾಗೆ. ಸಾಲದ್ದಕ್ಕೆ ಇಂಗಾಲ ಸುಲಭವಾಗಿ ಸಿಕ್ಕಾಗ ಎಲೆಯ ರಂಧ್ರಗಳು ಕಿರಿದಾಗುತ್ತವೆ, ಗಿಡ ನೀರು ಎಳೆಯುವುದು ಕಮ್ಮಿ, ಆ ನೀರಿನ ಜೊತೆ ಬೇರಿಗೆ ಬರುವ ನೈಟ್ರೇಟೂ ಕಮ್ಮಿ. ಬಯಲಲ್ಲೇ 550 ಭಾಗದ ಆಸುಪಾಸು ಇಂಗಾಲದ ಡೈಆಕ್ಸೈಡ್ ಇರುವ ಗಾಳಿ ಕೊಟ್ಟು ಬೆಳೆಸಿದ ಪ್ರಯೋಗಗಳಲ್ಲಿ ಗೋಧಿ, ಅಕ್ಕಿಯ ಪ್ರೋಟೀನ್ ಶೇ 6ರಿಂದ 8ರಷ್ಟು ಇಳಿದಿದೆ.

ಮೆಕ್ಕೆಜೋಳದ ಕಥೆ ಬೇರೆ. ಅದು ಮತ್ತು ಜೋಳ, ರಾಗಿ ಎಲೆಯೊಳಗೇ ಇಂಗಾಲ ಒಟ್ಟುಮಾಡಿಕೊಳ್ಳುವ ಜಾತಿ. ಗಾಳಿಯಲ್ಲಿ ಜಾಸ್ತಿ ಆದರೂ ಇವಕ್ಕೆ ಅಂಥ ಲಾಭವಿಲ್ಲ, ಬರ ಬಿದ್ದಾಗ ನೀರು ಸ್ವಲ್ಪ ಉಳಿಯುತ್ತದೆ ಅಷ್ಟೆ. ಆದ್ದರಿಂದ ಮೊದಲ ಕೆಲಸ, ನಿಮ್ಮ ಸರದಿಯಲ್ಲಿ ಯಾವ ಬೆಳೆ ಯಾವ ಜಾತಿ ಅಂತ ಬರೆದಿಟ್ಟುಕೊಳ್ಳಿ.

ಎರಡನೆಯದು ಸೊಪ್ಪೆ. ಸುಡಬೇಡಿ, ಹಾಗಂತ ಉತ್ತ ವಾರಕ್ಕೇ ಬಿತ್ತಲೂಬೇಡಿ. ನಾನು ಬಿತ್ತಿದ್ದೆ, ಪೈರು ಹಳದಿ ತಿರುಗಿತು. ಮೆಕ್ಕೆಜೋಳದ ದಂಟಿನಲ್ಲಿ ಒಂದು ಭಾಗ ಸಾರಜನಕಕ್ಕೆ ಸುಮಾರು 60 ಭಾಗ ಇಂಗಾಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ್ದು 25ರ ಆಸುಪಾಸು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ನಿಮ್ಮ ಪೈರು ಉಪವಾಸ. ಭತ್ತದ ಹುಲ್ಲಿಗೂ ಇದೇ ಮಾತು, ಗಾಳಿಯಲ್ಲಿ ಇಂಗಾಲ ಏರಿದಷ್ಟೂ ಅದರಲ್ಲಿ ಸಾರಜನಕ ಇನ್ನೂ ತೆಳುವಾಗುತ್ತದೆ. ಕೊಯ್ಲಾದ ಕೂಡಲೇ ಪುಡಿ ಮಾಡಿ, ತೇವ ಇರುವಾಗಲೇ ಮಣ್ಣಿಗೆ ಸೇರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ ಬಿಡಿ.

ಆಮೇಲೆ ದ್ವಿದಳ. ಹಿರಿಯರು ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಸುಮ್ನೆ ಇಟ್ಟಿದ್ದಲ್ಲ. ಇಂಗಾಲ ಜಾಸ್ತಿ ಸಿಕ್ಕರೆ ತೊಗರಿ, ಅಲಸಂದೆ, ಶೇಂಗಾ ಬೇರಿನ ಗಂಟಿನ ಬ್ಯಾಕ್ಟೀರಿಯಾಗೆ ಸಕ್ಕರೆ ಜಾಸ್ತಿ ಇಳಿಸುತ್ತವೆ, ಅದು ಗಾಳಿಯ ಸಾರಜನಕವನ್ನು ಜಾಸ್ತಿ ಹಿಡಿದುಕೊಡುತ್ತದೆ. ಷರತ್ತು ಎರಡು: ರಂಜಕ ಮತ್ತು ತೇವ. ರಂಜಕ ಇಲ್ಲದ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಲ್ಲಿ, ಗಂಟು ಕಟ್ಟುವುದೇ ಕಷ್ಟ, ಬಿತ್ತುವಾಗಲೇ ಸೂಪರ್ ಫಾಸ್ಫೇಟ್ ಕೊಡಿ, ಬೀಜಕ್ಕೆ ರೈಜೋಬಿಯಂ (ಅದೇ ಗಂಟಿನ ಬ್ಯಾಕ್ಟೀರಿಯಾ) ಸವರಿ. ಮೂವತ್ತೈದು ದಿನಕ್ಕೆ ಒಂದು ಗಿಡ ಮಣ್ಣುಸಮೇತ ಅಗೆದು, ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಕೆಂಪಾಗಿದ್ದರೆ ಕೆಲಸ ನಡೆದಿದೆ, ಬೂದು ಬಣ್ಣವಿದ್ದರೆ ಇಲ್ಲ.

ಚಳ್ಳಕೆರೆ ಕಡೆಯವರು ಇಲ್ಲಿ ಕೇಳಿ. ಶೇಂಗಾ ಬಿತ್ತಿದೀವಿ, ಮಣ್ಣು ಸುಧಾರಿಸಿತು ಅಂದುಕೊಂಡರೆ ಲೆಕ್ಕ ತಪ್ಪು. ಗಿಡವನ್ನು ಬೇರುಸಮೇತ ಕಿತ್ತು, ಕಾಯಿ ಬಿಡಿಸಿ, ಬಳ್ಳಿಯನ್ನು ದನಕ್ಕೆ ಹಾಕುತ್ತೇವೆ. ಸಾರಜನಕದ ಬಹುಪಾಲು ಕಾಳು, ಬಳ್ಳಿಯ ಜೊತೆ ಹೊಲ ಬಿಟ್ಟು ಹೋಯಿತು. ಸಗಣಿ ಅದೇ ಹೊಲಕ್ಕೆ ವಾಪಸ್ ಬರದಿದ್ದರೆ ಉಳಿದದ್ದು ಅಷ್ಟಕ್ಕಷ್ಟೆ. ತೊಗರಿ ಹಾಗಲ್ಲ, ನಿಂತಲ್ಲೇ ಎಲೆ ಉದುರಿಸುತ್ತದೆ. ನನ್ನ ಕೇಳಿದರೆ ಅಕ್ಕಡಿಗೆ ತೊಗರಿಯೇ ಸರಿ.

ಕೊನೆಗೆ ಯೂರಿಯಾ. 45 ಕಿಲೋ ಚೀಲದಲ್ಲಿ ಸಾರಜನಕ 20 ಕಿಲೋ ಚಿಲ್ಲರೆ. ಒಟ್ಟಿಗೆ ಸುರಿಯದೆ ಬಿತ್ತನೆಗೆ, ಮೊಣಕಾಲೆತ್ತರಕ್ಕೆ, ಸೂಲಂಗಿ (ತುದಿಯ ಗಂಡು ಹೂ) ಹೊತ್ತಿಗೆ ಅಂತ ಕಂತು ಮಾಡಿ. ತೊಗರಿಯಾದ ಮೇಲಿನ ಮೆಕ್ಕೆಜೋಳದಲ್ಲಿ ನಾಲ್ಕು ಸಾಲಿಗೆ ಮಾತ್ರ ಒಂದು ಕಂತು ಬಿಟ್ಟು ನೋಡಿ, ಪಕ್ಕದ ಸಾಲಿನಷ್ಟೇ ಹಸಿರಿದ್ದರೆ ಮುಂದಿನ ವರ್ಷ ಅಷ್ಟು ಉಳಿಸಬಹುದು. ಆ ಸಾಲಿನ ತುದಿಗೆ ಒಂದು ಗೂಟ ಹೊಡೆಯಿರಿ, ಇಲ್ಲದಿದ್ದರೆ ಪೈರು ಆಳೆತ್ತರ ಬಂದಾಗ ಯಾವ ಸಾಲು ಅಂತಲೇ ಮರೆತುಹೋಗುತ್ತದೆ.