ನ್ಯೂಜೆರ್ಸಿಯ ಹಿತ್ತಲಲ್ಲಿ ನಮ್ಮ ತರಕಾರಿ: ಹೊಸದಾಗಿ ಬಂದವರಿಗೆ

ಎಡಿಸನ್, ಪಿಸ್ಕಾಟವೇ, ಪ್ಲೇನ್ಸ್‌ಬರೋ ಕಡೆಗೆ ಹೊಸದಾಗಿ ಬಂದ ಕನ್ನಡದವರು ಏಪ್ರಿಲ್ ಬಂತೆಂದರೆ ಕೇಳುವ ಮೊದಲ ಪ್ರಶ್ನೆ ಒಂದೇ: "ಬಿಸಿಲು ಬಂತಲ್ಲ, ಈಗ ಬೀಜ ಹಾಕಬಹುದಾ?"

ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಬಟಾಣಿ ಆದರೆ ಧಾರಾಳವಾಗಿ ಹಾಕಿ. ಬೆಂಡೆ, ಬದನೆ, ಹೀರೆ, ಹಾಗಲ, ಟೊಮೆಟೊ, ಮೆಣಸಿನಕಾಯಿ ಆದರೆ ತಾಳಿ. ಮಧ್ಯ ನ್ಯೂಜೆರ್ಸಿಯಲ್ಲಿ ಮೇ ಮೊದಲ ವಾರದಲ್ಲೂ ಒಂದೊಂದು ರಾತ್ರಿ ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟುವ ಚಳಿ, ಬೀಳುತ್ತದೆ. ಹಗಲು ಅಂಗಿ ತೋಳು ಮಡಚಿಕೊಂಡು ಓಡಾಡುವಷ್ಟು ಬೆಚ್ಚಗಿರುತ್ತದೆ, ಬೆಳಗ್ಗೆ ಎದ್ದು ನೋಡಿದರೆ ಬದನೆ ಸಸಿ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಮಲಗಿರುತ್ತದೆ. ಹಾಗಾಗಿ ಮೇ 15ರ ತನಕ ಕಾಯಿರಿ. ಬೆಂಡೆ, ಹೀರೆಗೆ ಇನ್ನೊಂದು ವಾರ ತಡವಾದರೂ ನಷ್ಟವಿಲ್ಲ. ಗಾಳಿ ಬಿಸಿಯಾದರೆ ಸಾಲದು, ಮಣ್ಣು ಬಿಸಿಯಾಗಬೇಕು. ತಣ್ಣನೆ ಮಣ್ಣಿನಲ್ಲಿ ಬೆಂಡೆ ಬೀಜ ಕೊಳೆಯುತ್ತದೆ. 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 18 ಡಿಗ್ರಿ ದಾಟಿದ ಮೇಲೆ ಅದೇ ಬೀಜ ಮೊಳೆಯುತ್ತದೆ.

ಆದರೆ ಅಕ್ಟೋಬರ್‌ನಲ್ಲಿ ಮತ್ತೆ ಫ್ರಾಸ್ಟ್ ಬರುತ್ತದೆ. ನಮ್ಮ ತರಕಾರಿಗೆ ಇಲ್ಲಿ ಸಿಗುವುದು ಐದೇ ತಿಂಗಳು. ಅದಕ್ಕೇ ಇಲ್ಲಿನವರು ಸಸಿಯನ್ನು ಮನೆಯೊಳಗೆ ಮೊದಲೇ ಎಬ್ಬಿಸಿಕೊಳ್ಳುತ್ತಾರೆ. ಬದನೆ, ಮೆಣಸಿನಕಾಯಿ ಮಾರ್ಚ್ ಮಧ್ಯದಲ್ಲಿ, ಹೀರೆ, ಹಾಗಲ ಏಪ್ರಿಲ್ ಮಧ್ಯದಲ್ಲಿ. ಬಳ್ಳಿಗಳ ಬೇರು ಅಲ್ಲಾಡಿದರೆ ಅವು ಮುನಿಸಿಕೊಳ್ಳುತ್ತವೆ, ಆದ್ದರಿಂದ ಒಂದೊಂದು ಬೀಜಕ್ಕೆ ಒಂದೊಂದು ಕಾಗದದ ಲೋಟ ಇಡಿ, ನೆಡುವಾಗ ಮಣ್ಣಿನ ಸಮೇತ ಇಳಿಸಿ. ಕಿಟಕಿಯ ಬೆಳಕು ಸಾಲದು. ಸಸಿ ದಾರದ ಹಾಗೆ ಉದ್ದವಾಗಿ ಬಾಗುತ್ತದೆ. ಒಂದು ಸಾದಾ ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಯ ಮೇಲೆ ಮೂರ್ನಾಲ್ಕು ಇಂಚಿಗೆ ತೂಗುಹಾಕಿ.

"ಊರಿಂದ ಬೀಜ ತರಬಹುದಾ?" ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಸೂಟ್‌ಕೇಸಿನಲ್ಲಿ ಬಿತ್ತನೆ ಬೀಜ ತರುವಂತಿಲ್ಲ. ಕಸ್ಟಮ್ಸ್‌ನಲ್ಲಿ ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ಯಾಕೆ ಬೇಕು ಹೇಳಿ, ವಸಂತ ಬಂದರೆ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ಹೀರೆ, ಪಡವಲ, ಸೋರೆ ಬೀಜದ ಪೊಟ್ಟಣ ಸಿಗುತ್ತವೆ. ಮೆಂತ್ಯ, ಕೊತ್ತಂಬರಿಗೆ ಅಡುಗೆಮನೆ ಡಬ್ಬಿಯ ಕಾಳೇ ಸಾಕು. ಕೊತ್ತಂಬರಿ ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಿ, ಅಷ್ಟೇ.

ಜುಲೈನಲ್ಲಿ ಫೋನ್ ಮೇಲೆ ಫೋನ್ ಬರುವುದು ಹೀರೆಕಾಯಿ ವಿಷಯಕ್ಕೆ. "ಬಳ್ಳಿ ಚಪ್ಪರ ತುಂಬಿದೆ, ಹೂವೂ ಸಿಕ್ಕಾಪಟ್ಟೆ, ಕಾಯಿ ಮಾತ್ರ ಒಂದೂ ಇಲ್ಲ." ಮೊದಲು ಗಾಬರಿ ಬಿಡಿ. ಬಳ್ಳಿಯಲ್ಲಿ ಮೊದಲು ಗಂಡು ಹೂವೇ ಬರುತ್ತದೆ, ಹೆಣ್ಣು ಹೂವು ಬರಲು ಎರಡು ವಾರ ತಡವಾಗಬಹುದು. ಜೊತೆಗೆ ಹುಲ್ಲಿಗೆ ಹಾಕುವ ಗೊಬ್ಬರವನ್ನು ಬಳ್ಳಿಗೂ ಹಾಕಿದ್ದರೆ ಎಲೆಯೇ ಜಾಸ್ತಿ, ಹೆಣ್ಣು ಹೂವು ಇನ್ನೂ ತಡ. ಗಂಡು ಹೂವು ಉದ್ದ ತೊಟ್ಟಿನ ಮೇಲೆ ಗೊಂಚಲಾಗಿ ಬರುತ್ತದೆ. ಹೆಣ್ಣು ಹೂವು ಒಂಟಿ, ಅದರ ಹಿಂದೆ ಬೆರಳುದ್ದದ ಪುಟ್ಟ ಹೀರೆಕಾಯಿ ಆಗಲೇ ಅಂಟಿಕೊಂಡಿರುತ್ತದೆ, ಏಣುಗಳು ಕೂಡ ಕಾಣುತ್ತವೆ.

ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಸೇರಿಲ್ಲ ಅಂತ ಅರ್ಥ. ಹೀರೆ ಹೂವು ಅರಳುವುದು ಸಂಜೆ. ಆ ಹೊತ್ತಿಗೆ ಜೇನುಹುಳಗಳು ಬಹುಪಾಲು ಗೂಡು ಸೇರಿರುತ್ತವೆ. ಆಫೀಸಿನಿಂದ ಬಂದು ಕಾಫಿ ಕುಡಿದು ಏಳು ಗಂಟೆ ಹೊತ್ತಿಗೆ ಹಿತ್ತಲಿಗೆ ಹೋಗಿ. ಆಗಷ್ಟೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ. ನಡುವೆ ಹಳದಿ ಪುಡಿ ಬೆರಳಿಗೆ ಅಂಟುವಂತಿರಬೇಕು. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟಾದ ಗುಬುಟಿಗೆ ಸುತ್ತಲೂ ಮೆಲ್ಲಗೆ ಸವರಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಮೂರು ದಿನ ಬಿಟ್ಟು ನೋಡಿದರೆ ಕಾಯಿ ದಪ್ಪವಾಗಿ, ತನ್ನ ಭಾರಕ್ಕೆ ಕೆಳಗೆ ಜೋತು ಬಿದ್ದಿರುತ್ತದೆ. ಸೋರೆಯ ಬಿಳಿ ಹೂವಿಗೂ ಸಂಜೆಯೇ ಸರಿಯಾದ ಹೊತ್ತು. ಹಾಗಲ, ತುಪ್ಪದ ಹೀರೆ ಬೆಳಗ್ಗೆ ಅರಳುತ್ತವೆ, ಅವನ್ನು ಜೇನುಹುಳಗಳೇ ನೋಡಿಕೊಳ್ಳುತ್ತವೆ.

ಅವರೆಕಾಯಿ ಬೇರೆಯೇ ಕಥೆ. ಸೊಗಡಿನ ಅವರೆ ಬೇಕೆಂದು ಎಷ್ಟೋ ಜನ ಆಸೆಯಿಂದ ಹಾಕುತ್ತಾರೆ. ಬಳ್ಳಿ ಬೇಲಿ ಹತ್ತಿ ಪಕ್ಕದ ಮನೆಗೂ ಹೋಗುತ್ತದೆ, ಸೆಪ್ಟೆಂಬರ್ ಆದರೂ ಹೂವಿಲ್ಲ. ಮಣ್ಣಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಬೆಂಗಳೂರಿನಲ್ಲಿ ಜೂನ್‌ನಲ್ಲೂ ಹಗಲು 13 ಗಂಟೆಯ ಒಳಗೇ. ಇಲ್ಲಿ ಜೂನ್‌ನಲ್ಲಿ 15 ಗಂಟೆ ಬೆಳಕಿರುತ್ತದೆ. ಹಗಲು ಕುಗ್ಗಿ ಹೂ ಬರುವ ಹೊತ್ತಿಗೆ ಫ್ರಾಸ್ಟ್ ಬಾಗಿಲಿಗೆ ಬಂದಿರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ ತಳಿಗಳನ್ನು ಮಾಡಿದ್ದಾರೆ, ಎಚ್‌ಎ-3, ಎಚ್‌ಎ-4 ಅಂತ. ಕಾನೂನು ಪ್ರಕಾರ ತರಿಸಿದ ಅಂಥ ಬೀಜ ಯಾರ ಬಳಿಯಾದರೂ ಇದ್ದರೆ ಅದನ್ನೇ ಕೇಳಿ ಪಡೆಯಿರಿ. ನಾಟಿ ಬೀಜಕ್ಕೆ ಐದು ತಿಂಗಳ ಜಾಗ ಕೊಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಜಾಗದಲ್ಲಿ ಬದನೆ ಹಾಕಿದರೆ ಮನೆ ಮಂದಿಗೆಲ್ಲ ವಾಂಗಿಬಾತ್ ಆಗುತ್ತದೆ.

ಸೊಪ್ಪಿನ ವಿಷಯ ಸುಲಭ. ಜೂನ್ ಕೊನೆಯ ಸೆಕೆಗೆ ಕೊತ್ತಂಬರಿ ಹೂ ಬಿಟ್ಟು ಹಾಳಾಗುತ್ತದೆ, ಅದನ್ನು ತಡೆಯಲು ಹೋಗಬೇಡಿ. ಆಗ ಹರಿವೆ, ದಂಟು, ಬಸಳೆ ಹಾಕಿ, ಅವಕ್ಕೆ ಸೆಕೆಯೇ ಬೇಕು. ಆಗಸ್ಟ್ ಕೊನೆಗೆ ಮತ್ತೆ ಕೊತ್ತಂಬರಿ, ಮೆಂತ್ಯ. ಅಕ್ಕಿ ರೊಟ್ಟಿಗೆ ಬೇಕಾಗುವ ಸಬ್ಬಸಿಗೆಯನ್ನು ಒಮ್ಮೆ ಬಿತ್ತಿ ಬೀಜಕ್ಕೆ ಬಿಟ್ಟರೆ ಮುಂದಿನ ವರ್ಷ ತಾನಾಗೇ ಹುಟ್ಟುತ್ತದೆ.

ಟೊಮೆಟೊ ತಳ ಕಪ್ಪಾದರೆ ಔಷಧಿ ಹುಡುಕಬೇಡಿ, ಅದು ರೋಗವಲ್ಲ. ಒಂದು ದಿನ ನೀರು ಸುರಿದು ನಾಲ್ಕು ದಿನ ಮರೆತರೆ ಕಾಯಿಗೆ ಸುಣ್ಣದಂಶ ತಲುಪುವುದಿಲ್ಲ. ಸಮವಾಗಿ ನೀರು ಕೊಡಿ, ಬುಡಕ್ಕೆ ಒಣ ಹುಲ್ಲು ಮುಚ್ಚಿ. ಕಳೆನಾಶಕ ಹೊಡೆದ ಲಾನಿನ ಹುಲ್ಲು ಮಾತ್ರ ಬೇಡ, ಟೊಮೆಟೊ ಎಲೆ ಮುರುಟಿಹೋಗುತ್ತದೆ. ಬದನೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಫ್ಲೀ ಬೀಟಲ್ ಎಂಬ ಪುಟ್ಟ ಹುಳ. ಹೂ ಬರುವ ತನಕ ತೆಳು ಬಿಳಿ ಬಟ್ಟೆ ಹೊದಿಸಿ ಇಟ್ಟರೆ ಸಾಕು.

ಜಿಂಕೆ, ಮೊಲ, ಗ್ರೌಂಡ್‌ಹಾಗ್ (ಅಳಿಲಿನ ಜಾತಿಯ ದಪ್ಪ ಪ್ರಾಣಿ) ಇಲ್ಲಿ ಎಲ್ಲರಿಗೂ ಕಾಟ. ಗ್ರೌಂಡ್‌ಹಾಗ್ ಬೇಲಿಯ ಕೆಳಗೆ ಬಿಲ ಕೊರೆದು ಬರುತ್ತದೆ. ಜಾಲರಿಯನ್ನು ನೆಲದೊಳಗೆ ಒಂದು ಅಡಿ ಹೂತು, ತುದಿಯನ್ನು ಹೊರಮುಖವಾಗಿ ಬಾಗಿಸಬೇಕು. ಎತ್ತರದ ಬೇಲಿಗೆ ಟೌನ್‌ಶಿಪ್ ನಿಯಮಗಳಿವೆ, ಸೊಸೈಟಿ ಮನೆಯಾದರೆ ಅವರದೂ ಇವೆ, ಕೇಳಿಕೊಂಡೇ ಹಾಕಿ. ಚಪ್ಪರದ ಗೂಟಕ್ಕೆ ಗುಂಡಿ ತೋಡುವ ಮೊದಲು 811ಕ್ಕೆ ಫೋನ್ ಮಾಡಿ. ನೆಲದೊಳಗಿನ ಗ್ಯಾಸ್, ವಿದ್ಯುತ್ ಲೈನ್ ಎಲ್ಲಿದೆ ಅಂತ ಬಂದು ಬಿಟ್ಟಿಯಾಗಿ ಗುರುತು ಹಾಕಿ ಹೋಗುತ್ತಾರೆ.

ಎರಡು ಎಚ್ಚರಿಕೆಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಲಿ ಅಂಚಿನಲ್ಲಿ ಮೂರು ಮೂರು ಎಲೆಯಾಗಿ, ನಡುವಿನ ಎಲೆಗೆ ಉದ್ದ ತೊಟ್ಟಿರುವ ಬಳ್ಳಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಪಾಯ್ಸನ್ ಐವಿ. ನಮ್ಮ ಗೇರಿನ ಕುಟುಂಬದ್ದೇ ಗಿಡ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಟ್ಟಿದ್ದನ್ನು ಕಂಡ ಕರಾವಳಿಯವರಿಗೆ ಬೇರೆ ಹೇಳಬೇಕಿಲ್ಲ. ಕಿತ್ತದ್ದನ್ನು ಸುಡಲೇಬೇಡಿ, ಹೊಗೆ ಶ್ವಾಸಕೋಶಕ್ಕೆ ಅಪಾಯ. ಇನ್ನೊಂದು ಉಣುಗು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ ಅಲ್ವಾ, ಇಲ್ಲಿ ಅದು ಲೈಮ್ ಕಾಯಿಲೆ ತರುತ್ತದೆ. ತೋಟದಿಂದ ಒಳಗೆ ಬಂದ ಕೂಡಲೇ ಮಕ್ಕಳ ಮೊಣಕಾಲ ಹಿಂದೆ, ಕಂಕುಳು, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಆಮೇಲೆ ಕೆಂಪು ಮಚ್ಚೆ ಅಥವಾ ಜ್ವರ ಬಂದರೆ ಡಾಕ್ಟರಿಗೆ ಹೇಳಿ.

ಕರಿಬೇವಿನ ಗಿಡವನ್ನಾಗಲಿ ಹಸಿ ಎಲೆಯನ್ನಾಗಲಿ ಊರಿಂದ ತರುವಂತಿಲ್ಲ. ಕಿತ್ತಳೆ, ನಿಂಬೆ ಮರಗಳನ್ನು ಕೊಲ್ಲುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಆ ರೋಗ 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ತೋಟಗಳನ್ನೇ ಅಲ್ಲಾಡಿಸಿತು. ಇಲ್ಲೇ ಬೆಳೆಸಿದ ಗಿಡ ಕೊಂಡು ಕುಂಡದಲ್ಲೇ ಇಡಿ. ರಾತ್ರಿ 50 ಡಿಗ್ರಿಗೆ, ಅಂದರೆ ನಮ್ಮ 10 ಡಿಗ್ರಿಗೆ ಇಳಿಯುವ ಮೊದಲು ಒಳಗೆ ತನ್ನಿ. ಅದಕ್ಕೂ ಮುಂಚೆ ಎಲೆಯ ಅಡಿಯನ್ನೂ ಕಾಂಡವನ್ನೂ ಸೋಪಿನ ನೀರಿನಲ್ಲಿ ಒರೆಸಿ, ಇಲ್ಲದಿದ್ದರೆ ಕಾಂಡಕ್ಕೆ ಅಂಟಿದ ಕಂದು ಹುರುಪೆಯಂಥ ಕೀಟ ಚಳಿಗಾಲವೆಲ್ಲ ಬೆಚ್ಚಗೆ ಬೆಳೆಯುತ್ತದೆ. ಜನವರಿಯಲ್ಲಿ ಎಲೆ ಪೂರ್ತಿ ಉದುರಿದರೂ ಬಿಸಾಡಬೇಡಿ. ಗಿಡ ಮಲಗಿದೆ ಅಷ್ಟೇ. ಉಗುರಿನಿಂದ ಕಾಂಡ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಆಗ ಪಾಪ ಅಂತ ದಿನಾ ನೀರು ಹಾಕುವುದರಿಂದಲೇ ಬೇರು ಕೊಳೆತು ಗಿಡ ಸಾಯುವುದು. ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆ ಸ್ವಲ್ಪ ಕೊಡಿ.

ಇನ್ನು ಮಣ್ಣು. ಈ ಕಡೆ ಮಣ್ಣು ನಮ್ಮೂರಿನ ಹಾಗೆ ಕೆಂಪಗಿದೆ, ಆದರೆ ಹುಲ್ಲಿನ ಕೆಳಗೆ ಬಿಗಿಯಾಗಿ ಗಟ್ಟಿಯಾಗಿರುತ್ತದೆ. 1978ಕ್ಕೂ ಹಿಂದಿನ ಮನೆಯಾದರೆ ಗೋಡೆ ಪಕ್ಕದ ಮಣ್ಣಿನಲ್ಲಿ ಹಳೇ ಬಣ್ಣದ ಸೀಸ ಇರಬಹುದು, ಅಲ್ಲಿ ಸೊಪ್ಪು ಹಾಕುವ ಮುನ್ನ ಪರೀಕ್ಷೆ ಮಾಡಿಸಲೇಬೇಕು. ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಶುಲ್ಕ ಕಟ್ಟಿ ಮಣ್ಣು ಕಳಿಸಬಹುದು. ರೈತರಿಗೆ, ತೋಟ ಮಾಡುವವರಿಗೆ ಸಲಹೆ ಕೊಡುವ ರಟ್ಗರ್ಸ್‌ನ ವಿಸ್ತರಣಾ ಕಚೇರಿ ನ್ಯೂಜೆರ್ಸಿಯ 21 ಕೌಂಟಿಗಳಲ್ಲೂ ಇದೆ. ಮಾಸ್ಟರ್ ಗಾರ್ಡನರ್ ಎಂಬ ಸ್ವಯಂಸೇವಕರು ಫೋನಿನಲ್ಲಿ ಗಿಡದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಸಂಕೋಚ ಬೇಡ, ಹೀರೆ, ಹಾಗಲದ ಬಗ್ಗೆಯೂ ಕೇಳಿ. ಮಣ್ಣು ಕಳಿಸುವುದನ್ನು ಮಾತ್ರ ಅಕ್ಟೋಬರ್‌ನಲ್ಲೇ ಮಾಡಿ. ಹುಳಿ ಮಣ್ಣಿಗೆ ಸುಣ್ಣ ಹಾಕಿ ಅಂತ ವರದಿ ಬಂದರೆ, ಆ ಸುಣ್ಣ ಮಣ್ಣಿಗೆ ಬೆರೆತು ಕೆಲಸ ಮಾಡಲು ತಿಂಗಳುಗಳೇ ಬೇಕಾಗುತ್ತವೆ.